ಹಂದರಕ್ಕೆ ಏರದ ಬೆಂಡಿನ ಗಿಳಿಗಳು

ಹೋದ ವಾರ ವಿಜಾಪುರದ ನಮ್ಮ ಮನೆಯಲ್ಲಿ ಒಂದು ನಾತ ಎದ್ದಿತ್ತು. ಇಲಿ ಸತ್ತಿರಬೇಕೆಂದು ತಮ್ಮನ ಸೊಸೆ ಕಪಾಟು ಸರಿಸಿ, ಹಾಸಿಗೆ ಕೊಡವಿ, ಮೂಗಿಗೆ ಸೆರಗು ಒತ್ತಿಕೊಂಡು ಮನೆಯೆಲ್ಲ ಹುಡುಕಿದಳು. ನನಗೆ ಹೊಸ್ತಿಲಲ್ಲೇ ಗೊತ್ತಾಯಿತು. ಅದು ಇಲಿಯಲ್ಲ, ಹುಣಸೆ ಬೀಜ ಅರೆದು ಕುದಿಸಿದ ಅಂಟು. ಬಿಸಿಲುಗಾಲದಲ್ಲಿ ಅದನ್ನು ಮುಚ್ಚಿಟ್ಟು ಮರೆತರೆ ಹೆಣದ ನಾತವೇ ಬರುತ್ತದೆ. ಮನೆಯಲ್ಲಿರುವ ಸಾಮಾನಿನಿಂದಲೇ ಏನಾದರೂ ಅಲಂಕಾರದ ವಸ್ತು ಮಾಡಿ ತರಬೇಕೆಂದು ಅವಳ ಮಗುವಿನ ಶಾಲೆಯಲ್ಲಿ ಹೇಳಿದ್ದರಂತೆ. ಅದಕ್ಕಾಗಿ ಕುದಿಸಿದ ಅಂಟು ಮಂಚದ ಕೆಳಗೆ ಡಬ್ಬಿಯಲ್ಲಿ ಉಳಿದುಹೋಗಿತ್ತು.

ಆ ವಸ್ತುವನ್ನು ನಾನೂ ನೋಡಿದ್ದೆ. ಕಾಗದದ ಆಕಾಶಬುಟ್ಟಿ. ಎಲ್ಲೂ ಒಂದು ಸುಕ್ಕಿಲ್ಲ, ಒಂದು ಸೊಟ್ಟಿಲ್ಲ. ಇರುವುದಾದರೂ ಹೇಗೆ? ತಾಯಿಯೇ ಕುಳಿತು ಮಾಡಿದ್ದಳು. ಮಗು ಪಕ್ಕದ ಕುರ್ಚಿಯಲ್ಲಿ ಕಾಲು ತೂಗಾಡಿಸುತ್ತ, "ನಾ ಒಂದ ಹೂವಾ ಹಚ್ಲೇನವ್ವಾ?" ಎಂದು ಕೇಳುತ್ತಲೇ ಇತ್ತು. "ಬ್ಯಾಡವಾ, ನೀ ಹಚ್ಚಿದ್ರ ಸೊಟ್ಟ ಆಗ್ತೈತಿ." ನಾನು ಸುಮ್ಮನಿರದೆ, "ಮತ್ತ ಮಾರ್ಕು ಯಾರಿಗೆ ಕೊಡ್ತಾರ, ನಿನಗೋ ಆಕೀಗೋ?" ಎಂದೆ. "ಅತ್ಯಾರ, ಈಗಿನ ಸಾಲಿ ನಿಮಗ ತಿಳಿಯೂದಿಲ್ರಿ" ಎಂದಳು. ಆಗ ನನಗೆ ಹೇಸಿಗೆ ಬಂದದ್ದು ಅಂಟಿಗಲ್ಲ. ಆ ಅಂಟಿನ ನಾತದಲ್ಲಿ ನಾನು ಒಂದು ಇಡೀ ಬಿಸಿಲುಗಾಲ ಕುಳಿತು ಉಂಡವಳು, ನನಗೆ ಅದು ಹೂವಿನ ವಾಸನೆಯಷ್ಟೇ ರೂಢಿ. ನನ್ನ ಹೇಸಿಗೆಗೆ ಬೇರೆಯೇ ವಿಳಾಸವಿದೆ. ಅದು ಬಾಲಗಾಂವದ್ದು.

ಬಾಲಗಾಂವ ಇದ್ದ ಜತ್ತ ಸಂಸ್ಥಾನ ಮುಂಬೈ ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಊರ ಚಾವಡಿಯಲ್ಲಿ ಕಾಗದಪತ್ರ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ ನಡೆಯುತ್ತಿದ್ದ ಕಾಲ. ನನಗಾಗ ಇಪ್ಪತ್ತೆರಡು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡ ವಿಷಮಜ್ವರದಲ್ಲಿ ತೀರಿಕೊಂಡಿದ್ದ. ಅಪ್ಪ ನೆಂಟರಿಷ್ಟರೊಂದಿಗೆಲ್ಲ ಜಗಳ ಮಾಡಿ ನನ್ನನ್ನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂರಿಸಿದ, ಆಮೇಲೆ ಧಾರವಾಡಕ್ಕೆ ಶಿಕ್ಷಕಿಯರ ಟ್ರೇನಿಂಗಿಗೆ ಕಳಿಸಿದ. ಹೀಗೆ ಬಳೆಯಿಲ್ಲದ ಕೈ, ಕುಂಕುಮವಿಲ್ಲದ ಹಣೆ ಹೊತ್ತು ನಾನು ಬಾಲಗಾಂವದ ಕನ್ನಡ ಶಾಲೆಯ 'ಅಕ್ಕೋರು' ಆದೆ. ಒಂದನೆಯ ಇಯತ್ತೆಗಿಂತ ಕೆಳಗಿನ ಸಣ್ಣ ಮಕ್ಕಳನ್ನು ನನಗೆ ಒಪ್ಪಿಸಿದ್ದರು. ಊರವರು ಅದನ್ನು ಬಿನ್ನೆತ್ತಿ ಎನ್ನುತ್ತಿದ್ದರು. ಮೂಗು ಸುರಿಸುವ, ಚಡ್ಡಿ ಹಿಡಿದುಕೊಂಡು ಓಡಾಡುವ ಐದಾರು ವರ್ಷದ ದಂಡು. ಒಕ್ಕಲುತನದವರ, ಅಂಗಡಿಯವರ ಮಕ್ಕಳಿದ್ದರು. ಊರ ಹೊರಗಿನ ಕುರಿ ಹಟ್ಟಿಯ ಮಕ್ಕಳೂ ಇದ್ದರು.

ಯುಗಾದಿ ಹತ್ತಿರ ಬಂದಿತ್ತು. ಬಿಳಿಜೋಳದ ರಾಶಿ ಮುಗಿದು ಹೊಲಗಳೆಲ್ಲ ಬೋಳಾಗಿದ್ದವು. ಆ ಕಡೆಯ ಬಿಸಿಲನ್ನು ಕಂಡವರಿಗೇ ಗೊತ್ತು, ಹತ್ತು ಗಂಟೆಗೆ ಹೊರಗೆ ಕಾಲಿಟ್ಟರೆ ಹೆಂಚಿನ ಮೇಲೆ ರೊಟ್ಟಿ ಬಿದ್ದಂತೆ. ಶಾಲೆ ಬೆಳಗಿನ ಹೊತ್ತಿಗೆ ಬದಲಾಗಿತ್ತು. ಕೈಗಸಬು ಕಲಿಸಿರಿ ಎಂದು ಮೇಲಿನಿಂದ ಹುಕುಂ ಬಂದಿತ್ತು, ಅದಕ್ಕೆ ಬೇಕಾದ ಬಣ್ಣದ ಕಾಗದ ಮಾತ್ರ ಮಕ್ಕಳವರೆಗೆ ಬರಲಿಲ್ಲ. ಬಂದಷ್ಟು ಹೆಡ್ ಮಾಸ್ತರರ ಮನೆಯ ದೇವರ ಗೂಡಿನಲ್ಲಿ ಅಂಟಿಕೊಂಡು ಕೂತಿತ್ತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇಳಿದರೆ, "ದೇವರೇನು ಬ್ಯಾರೆದಾವನ್ರಿ ಅಕ್ಕೋರ?" ಎಂದು ಹಲ್ಲು ಕಿರಿದರು. ಆ ಹಲ್ಲು ನೆನೆದರೆ ಈಗಲೂ ಉಗುಳಬೇಕೆನಿಸುತ್ತದೆ.

ಕಾಗದ ಇಲ್ಲದಿದ್ದರೆ ದಂಟಿತ್ತು. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರವಾದ ಬೆಳ್ಳನೆಯ ಬೆಂಡು. ಸಿಪ್ಪೆಯನ್ನು ಕಡ್ಡಿ ಮಾಡಿ ಬೆಂಡಿಗೆ ಚುಚ್ಚಿದರೆ ಬಂಡಿ, ಕನ್ನಡಕ, ಎತ್ತು, ಏನು ಬೇಕಾದರೂ ಆಗುತ್ತದೆ. ಆ ಮಕ್ಕಳು ಹೊಲದ ಬದುವಿನಲ್ಲಿ ಅದನ್ನು ಮಾಡಿಕೊಂಡೇ ಬೆಳೆದವರು. ನಾನು ಬಣ್ಣ ಸೇರಿಸಿದೆ ಅಷ್ಟೆ. ಮುತ್ತಲ ಹೂ ಕುದಿಸಿದರೆ ಕೇಸರಿ, ಬಟ್ಟೆಗೆ ಹಾಕುವ ನೀಲಿ, ಅರಿಶಿಣ, ಕೆಮ್ಮಣ್ಣು. ಕುರಿ ಹಟ್ಟಿಯ ಮಕ್ಕಳು ಉಣ್ಣೆ ತಂದರು. ಕಂಬಳಿಗೆ ಗಂಜಿ ಕೊಡಲು ಅವರ ಮನೆಗಳಲ್ಲಿ ಹುಣಸೆ ಬೀಜದ ಅಂಟು ಕುದಿಯುತ್ತಲೇ ಇರುತ್ತಿತ್ತು. ಮಾಯವ್ವ ಎನ್ನುವ ಆರು ವರ್ಷದ ಹುಡುಗಿ ಅದನ್ನು ಮೊಗೆಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಅವಳ ತಂದೆತಾಯಿ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗಿದ್ದರು, ಇವಳು ಅಜ್ಜಿಯ ಬಳಿ ಉಳಿದಿದ್ದಳು. ಮಾತು ಕಡಿಮೆ. ಬೆಂಡಿನಲ್ಲಿ ಗಿಳಿ ಮಾಡಿದರೆ ಮಾತ್ರ ಅದರ ಕತ್ತು ಯಾವಾಗಲೂ ಒಂದು ಕಡೆ ವಾಲಿ, ಏನನ್ನೋ ಕೇಳಿಸಿಕೊಳ್ಳುವಂತೆ ಇರುತ್ತಿತ್ತು.

ನನ್ನದೊಂದು ಪದ್ಧತಿಯಿತ್ತು. ಅಕ್ಷರ ತಿದ್ದಿಸುವಾಗ ಮಕ್ಕಳ ಕೈ ಹಿಡಿದು ತಿದ್ದಿಸುತ್ತಿದ್ದೆ, ಆದರೆ ಅವರು ಮಾಡುವ ವಸ್ತುವಿಗೆ ನನ್ನ ಬೆರಳು ಸೋಕಿಸುತ್ತಿರಲಿಲ್ಲ. ಟ್ರೇನಿಂಗಿನಲ್ಲಿ ನಮಗೆ ಕಲಿಸುವ ಬಾಯಿಯವರೊಬ್ಬರು ಹೇಳಿದ್ದರು, ಮಗು ಮಾಡಿದ ಸೊಟ್ಟ ಗಿಳಿಯನ್ನು ನೀನು ನೆಟ್ಟಗೆ ಮಾಡಿದರೆ ಅದು ನಿನ್ನ ಗಿಳಿ, ಮಗುವಿಗೆ ಉಳಿಯುವುದು ಸೊಟ್ಟ ಮಾತ್ರ ಎಂದು. ಆ ಮಾತು ನನಗೆ ಒಪ್ಪಿಗೆಯಾಗಿತ್ತು. ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಬಾಯಿಂದಷ್ಟೇ ಹೇಳುತ್ತಿದ್ದೆ. ಮಕ್ಕಳಿಗೆ ಅದೊಂದು ತಮಾಷೆ. ಅಂಟು ಚೆಲ್ಲಿ ಹೋಗುತ್ತಿದ್ದರೂ ನಾನು ಕೈ ಚಾಚದೆ "ಹಿಡೀರಿ, ಹಿಡೀರಿ" ಎಂದು ಒದರುವುದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದವು.

ಅವರಲ್ಲಿ ಬಸಗೊಂಡ ಊರಗೌಡರ ಮೊಮ್ಮಗ. ಹುಟ್ಟಾ ಎಡಚ. ಎಡಗೈಯಲ್ಲಿ ತುತ್ತು ಎತ್ತಿದರೆ ಮನೆಯಲ್ಲಿ ಅವನ ಮುತ್ತಜ್ಜಿ ಚಿಮಟಿಗೆಯಿಂದ ಹೊಡೆಯುತ್ತಿದ್ದಳು, ಮುಂಗೈ ಮೇಲೆ ಬರೆ ಕಾಣುತ್ತಿತ್ತು. "ಇಲ್ಲಿ ಯಾವ ಕೈಲೆ ಬೇಕಾದ್ರ ಮಾಡೋ, ಎರಡೂ ನಿನ್ನವ" ಎಂದು ನಾನು ಹೇಳಿದ ದಿನ ಆ ಹುಡುಗ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಆಮೇಲೆ ಎಡಗೈಯಿಂದ ಒಂದು ಸವಾರಿ ಬಂಡಿ ಮಾಡಿದ. ನೊಗ, ಮೂಕಿ, ಕಮಾನು, ಒಳಗೆ ಕುಳಿತ ಇಬ್ಬರು ಮದುಮಕ್ಕಳು. ಊರಲ್ಲಿ ಬಡಿಗನೂ ಅಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೂ ಅವನು ನನ್ನ ಸೆರಗು ಹಿಡಿದುಕೊಂಡೇ ಮನೆಯ ತಿರುವಿನವರೆಗೆ ಬರುತ್ತಿದ್ದ.

ಒಂದು ದಿನ ಅವನ ಅಜ್ಜ, ಗೌಡರು, ಶಾಲೆಗೆ ಬಂದರು. ಶಾಲಾ ಕಮಿಟಿಗೆ ಅವರೇ ಯಜಮಾನರು. ಹೆಡ್ ಮಾಸ್ತರರು ತಮ್ಮ ಹೆಗಲ ವಸ್ತ್ರದಿಂದಲೇ ಕುರ್ಚಿ ಒರೆಸಿದರು. ಗೌಡರು ಗೋಡೆಗೆ ತೂಗಿದ್ದ ಗಿಳಿ, ಸರ, ಉಣ್ಣೆಯ ಗೊಂಡೆಗಳನ್ನು ನೋಡಿದರು, ಬಾಯೊಳಗಿನ ತಂಬಾಕು ಮಕ್ಕಳು ಕೂರುವ ಮೂಲೆಗೇ ಪಿಚಕ್ಕನೆ ಉಗುಳಿದರು, ಆಮೇಲೆ ಮಾತಾಡಿದರು.

"ಅಕ್ಕೋರ, ನಮ್ಮ ಸಣ್ಣ ಮಗಳ ಲಗ್ನ ಐತ್ರಿ, ಯುಗಾದಿ ಆದ ಮ್ಯಾಲ. ಸಾಂಗ್ಲಿಯಿಂದ ಪತಾಕಿ ಗಿತಾಕಿ ತರಸೂದಂದ್ರ ಸುಮ್ನ ದಂಡ. ಇವ ಹುಡುಗ್ರು ಹೆಂಗೂ ಖಾಲಿ ಕುಂತಿರ್ತಾವ. ಹಂದರ ತುಂಬೂವಂಗ ಇಂಥಾವು ಮಾಡಸ್ರಿ."

ಬಿಟ್ಟಿ ಚಾಕರಿ ಎಂದು ನನಗೆ ಗೊತ್ತಾಗಲಿಲ್ಲವೆಂದಲ್ಲ. ಆದರೆ ಮಕ್ಕಳ ಮುಖ ನೋಡಿದೆ. ಗೌಡರ ಲಗ್ನದ ಹಂದರವೆಂದರೆ ಸುತ್ತಲಿನ ಊರೆಲ್ಲ ಬಂದು ನಿಲ್ಲುವ ಜಾಗ. ಮಾಯವ್ವನಂಥವರು ಅಲ್ಲಿ ಹಿತ್ತಲ ಕಡೆ ಉಣ್ಣಲು ಕೂರುವವರು. ಅದೇ ಹಂದರದ ನಡುವೆ ತನ್ನ ಗಿಳಿ ತೂಗುತ್ತದೆ ಎಂದರೆ? "ಹುಡುಗ್ರು ಮಾಡಿದ್ದನ್ನ ಹುಡುಗ್ರ ಹೆಸರಿಲೆ ತೂಗಬೇಕ್ರಿ. ತೂಗೂವಾಗ ಅವರನ್ನ ಒಳಗ ಕರೀಬೇಕು" ಎಂದೆ. "ಆತ್ರಿ, ಅದಕ್ಕೇನು!" ಎಂದರು ಗೌಡರು. ನಾನೂ ಮಕ್ಕಳಿಗೆ ಮಾತು ಕೊಟ್ಟೆ. ನೀವು ಮಾಡಿದ್ದು ಹಂದರಕ್ಕೆ ಏರುತ್ತದೆ, ಊರೆಲ್ಲ ಕತ್ತೆತ್ತಿ ನೋಡುತ್ತದೆ ಎಂದು.

ಆ ಮೇಲಿನ ದಿನಗಳನ್ನು ಹೇಗೆ ಹೇಳಲಿ. ಮಕ್ಕಳು ಸೂರ್ಯ ಹುಟ್ಟುವ ಮೊದಲೇ ಬಂದು ಶಾಲೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದವು. ಮೊಣಕೈವರೆಗೆ ಕೇಸರಿ, ಕೂದಲಲ್ಲಿ ಅಂಟು, ಅಂಟಿನ ಮೇಲೆ ನೊಣ. ಆ ಅಂಟು ದಿನವೂ ಹುಳಿತು ನಾರುತ್ತಿತ್ತು. ಪಕ್ಕದ ಕೋಣೆಯಲ್ಲಿ ಪಾಠ ಮಾಡುವ ಹೆಡ್ ಮಾಸ್ತರರು ಮೂಗಿಗೆ ನಶ್ಯ ಏರಿಸಿ ಕೂರುತ್ತಿದ್ದರು. ಅದರಲ್ಲಿ ನನಗೊಂದು ಸಣ್ಣ ಸುಖವಿತ್ತೆಂದು ಒಪ್ಪಿಕೊಳ್ಳುತ್ತೇನೆ. ದಂಟಿನ ಸಿಪ್ಪೆಯನ್ನು ನೀರಲ್ಲಿ ನೆನೆಸಿ ಬಳೆಯಂತೆ ಬಗ್ಗಿಸಿ ಒಂದಕ್ಕೊಂದು ಪೋಣಿಸಿದ ಸರಗಳು, ಉಣ್ಣೆಯ ಗೊಂಡೆಗಳು, ಕತ್ತು ವಾಲಿದ ಗಿಳಿಗಳ ಹಿಂಡು. ಒಂದೂ ಸಮನಾಗಿರಲಿಲ್ಲ, ಒಂದಕ್ಕೂ ನನ್ನ ಬೆರಳು ತಾಗಿರಲಿಲ್ಲ.

ಹಂದರ ಹಾಕಿದ ದಿನ ಎಲ್ಲವನ್ನೂ ಬುಟ್ಟಿಗಳಲ್ಲಿ ತುಂಬಿ ಮಕ್ಕಳ ಸಾಲು ಕಟ್ಟಿ ಗೌಡರ ವಾಡೆಗೆ ಹೋದೆವು. ಅಂಗಳದಲ್ಲಿ ಹಸಿರು ಹಂದರ, ಒಳಗಿನಿಂದ ಅರಿಶಿಣ ಕುಟ್ಟುವ ಸದ್ದು, ಬುಂದೆ ಕರಿಯುವ ಎಣ್ಣೆಯ ವಾಸನೆ. ಆಳುಗಳು ಏಣಿ ಹತ್ತಿ ಗಿಳಿಗಳನ್ನು ಕಟ್ಟತೊಡಗಿದರು. ಬಸಗೊಂಡ ತನ್ನ ಮನೆಯೆಂಬ ಠೀವಿಯಲ್ಲಿ, "ಅದು ಮಾಯವ್ವಂದು, ನಡುವ ಕಟ್ರಿ" ಎಂದು ಅಪ್ಪಣೆ ಕೊಡುತ್ತಿದ್ದ. ಮಾಯವ್ವ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದಳು.

ಆಗ ಬೀಗರ ಕಡೆಯವಳೊಬ್ಬಳು, ವರನ ಸೋದರತ್ತೆ, ಶೇಗಾಂವದವಳು, ಪಡಸಾಲೆಗೆ ಬಂದು ನಿಂತಳು. ಗಿಳಿ ನೋಡಿ ಹಿಗ್ಗಿದಳು. "ಎಷ್ಟ ಚೆಂದ ಅದಾವ! ಯಾರ ಮಾಡಿದ್ರು?" ಯಾರೋ ನನ್ನ ಕಡೆ ಕೈ ತೋರಿಸಿದರು. ಅವಳ ಕಣ್ಣು ನನ್ನ ಹಣೆಗೆ ಬಂತು, ಹಣೆಯಿಂದ ಮುಂಗೈಗೆ ಇಳಿಯಿತು. ಅಷ್ಟೇ, ಹಿಗ್ಗು ಬಾಡಿತು. ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು. ಒಳಗೆ ಒಂದಿಷ್ಟು ಪಿಸಪಿಸ. ಅರಿಶಿಣ ಕುಟ್ಟುವ ಸದ್ದು ನಿಂತಿತು.

ನಾನು ವಿಧವೆ ಎಂಬುದು ಬಾಲಗಾಂವಕ್ಕೆ ಹೊಸ ಸುದ್ದಿಯೇ? ನಾಯಿಗೂ ಗೊತ್ತಿತ್ತು. ಅಕ್ಷರ ಕಲಿಸುವುದಕ್ಕೆ ನಡೆಯುತ್ತಿತ್ತು, ಬಿಟ್ಟಿ ದುಡಿಸಿಕೊಳ್ಳುವುದಕ್ಕೆ ನಡೆಯುತ್ತಿತ್ತು, ಬೀಗರ ಕಣ್ಣಿಗೆ ಬಿದ್ದಾಗ ಮಾತ್ರ ನಡೆಯಲಿಲ್ಲ. ಶ್ರಾವಣ ಬಂದರೆ ಇದೇ ವಾಡೆಯಲ್ಲಿ ಪುರಾಣ ಹಚ್ಚಿಸುತ್ತಾರೆ. ಲಿಂಗ ಕಟ್ಟಿದ ಮೈಗೆ ಯಾವ ಸೂತಕವೂ ಇಲ್ಲ ಎಂದು ಪುರಾಣದವರು ಹೇಳಿದಾಗ ಎಲ್ಲರಿಗಿಂತ ಮೊದಲು ಗೌಡರ ತಲೆಯೇ ತೂಗುತ್ತಿತ್ತು. ನನ್ನ ಕೊರಳಲ್ಲೂ ಅದೇ ಲಿಂಗವಿತ್ತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಥೂ!

ಗೌಡರು ಹೊರಗೆ ಬಂದರು. ನನ್ನನ್ನು ನೋಡಲಿಲ್ಲ, ತಮ್ಮ ಜೋಡಿನ ತುದಿ ನೋಡುತ್ತ ಹೇಳಿದರು. "ಅಕ್ಕೋರ, ತಪ್ಪ ತಿಳೀಬ್ಯಾಡ್ರಿ. ನಮಗೇನಿಲ್ಲ. ಬೀಗರ ಮಂದಿ, ಹೆಂಗಸರು... ಮುತ್ತೈದಿತನದ ಕಾರ್ಯ ನೋಡ್ರಿ. ಇವನ್ನೆಲ್ಲಾ ನೀವ ಮುಟ್ಟಿ ಮಾಡೀರಿ ಅಂದ್ರ..."

ಅವರ ಮಾತು ಮುಗಿಯುವ ಮೊದಲೇ ಬಸಗೊಂಡ ಕೂಗಿದ, "ಇಲ್ಲೋ ಮುತ್ಯಾ! ಅಕ್ಕೋರು ಮುಟ್ಟೇ ಇಲ್ಲ! ದೇವರಾಣಿ!" ಉಳಿದ ಮಕ್ಕಳೂ ದನಿಗೂಡಿಸಿದವು. "ಹೌದ್ರಿ, ಮುಟ್ಟೇ ಇಲ್ರಿ! ಬರೇ ಬಾಯಿಲೆ ಹೇಳ್ತಾರ್ರಿ! ನಾವ ಮಾಡೀವ್ರಿ!"

ಗೌಡರ ಮುಖ ಅರಳಿತು. "ಹಂಗಾದ್ರ ಮುಗೀತಲ್ಲ! ಅಕ್ಕೋರ, ನೀವೊಂದು ಮಾತು ಅಂದುಬಿಡ್ರಿ, ಮುಟ್ಟಿಲ್ಲ ಅಂತ. ಒಳಗ ಕೇಳೂವಂಗ."

ಏಣಿಯ ಮೇಲಿನ ಆಳು ಗಿಳಿ ಹಿಡಿದುಕೊಂಡೇ ನನ್ನ ಕಡೆ ನೋಡಿದ. ಮಕ್ಕಳೆಲ್ಲ ನೋಡಿದವು, ಎಷ್ಟು ಖುಷಿಯಿಂದ! ತಮ್ಮ ಅಕ್ಕೋರನ್ನು ತಾವೇ ಪಾರು ಮಾಡಿದೆವೆಂಬ ಖುಷಿ. ಹೇಳಬೇಕಾದದ್ದು ಸುಳ್ಳೂ ಅಲ್ಲ, ಅಪ್ಪಟ ನಿಜ. ಹೇಳಿದ್ದರೆ ನಾನು ಕೊಟ್ಟ ಮಾತು ಉಳಿಯುತ್ತಿತ್ತು, ಗಿಳಿಗಳು ಹಂದರದಲ್ಲಿ ತೂಗುತ್ತಿದ್ದವು. ಆದರೆ ಆ ಮಾತು ನನ್ನ ಬಾಯಿಂದ ಬಂದರೆ, ನನ್ನ ಕೈ ಹೊಲಸು ಎಂದು ಈ ಮಕ್ಕಳಿಗೆ ನಾನೇ ಪಾಠ ಹೇಳಿದಂತೆ. ನಾಳೆ ಯಾವ ಮುಖದಿಂದ ಅವರ ಕೈ ಹಿಡಿದು ಅಕ್ಷರ ತಿದ್ದಿಸಲಿ?

"ನಾ ಮುಟ್ಟಿಲ್ಲ ಅನ್ನೂದು ಖರೇನ ಐತ್ರಿ ಗೌಡ್ರ. ಮುಟ್ಟಿದ್ರ ಏನಾಗ್ತಿತ್ತು? ಅದನ್ನಷ್ಟ ಈ ಹುಡುಗ್ರಿಗೆ ತಿಳಿಸಿ ಹೇಳ್ರಿ."

ಉತ್ತರ ಬಂದದ್ದು ಕೋಣೆಯ ಕದದ ಹಿಂದಿನಿಂದ. ಗೌಡರ ತಾಯಿ, ಊರೆಲ್ಲ ಆಯಿ ಎಂದು ಕರೆಯುತ್ತಿದ್ದ ಮುದುಕಿ, ಕತ್ತಲಲ್ಲಿ ಕಂಬಳಿಯ ಮೇಲೆ ಕೂತಿದ್ದಳು. ಬಸಗೊಂಡನಿಗೆ ಚಿಮಟಿಗೆಯಿಂದ ಹೊಡೆಯುತ್ತಿದ್ದವಳು ಇವಳೇ. "ಯಾಕ ತಂಗಿ ಹಟಾ ಮಾಡ್ತಿ? ನಾನೂ ನಿನ್ನಂಗ ಗಂಡನ್ನ ಕಳಕೊಂಡಾಕಿ. ನಾ ಸಾಕಿದ ಮೊಮ್ಮಗಳಿಗೆ ಅರಿಶಿಣ ಹಚ್ಚತಾರ, ನಾ ಹೋಗೀನೇನು ನೋಡು. ಬಾಗಲಾ ಹಿಂದ ಕುಂತೀನಿ. ಯಾರೂ ಹೇಳಿಲ್ಲ ನನಗ. ನನಗ ತಿಳೀತೈತಿ."

'ನನಗ ತಿಳೀತೈತಿ' ಎನ್ನುವಾಗ ಆ ದನಿಯಲ್ಲಿ ಜಂಬವಿತ್ತು. ನಲವತ್ತು ವರ್ಷ ಕದದ ಹಿಂದೆ ಕೂತು ಸಂಪಾದಿಸಿದ ಜಂಬ. ಅವಳನ್ನು ಕಂಡು ಕರುಳು ಚುರ್ರೆಂದಿತು, ಅದಕ್ಕಿಂತ ಹೆಚ್ಚಾಗಿ ಮೈಯೆಲ್ಲ ಹೇಸಿತು. ನಾಳೆ ನನ್ನನ್ನೂ ಅದೇ ಕಂಬಳಿಯ ಮೇಲೆ ಕೂರಿಸುವವರು ಇವರು, ಹಾಗೆ ಕೂತಿದ್ದಕ್ಕೆ ಶಹಭಾಸ್ ಎನ್ನುವವರೂ ಇವರೇ.

ನಾನು ಏಣಿಯ ಬಳಿ ಹೋಗಿ, ಆಳಿನ ಕೈಯಲ್ಲಿದ್ದ ಗಿಳಿಯನ್ನು ಕಿತ್ತುಕೊಂಡೆ. "ಈಗ ಮುಟ್ಟೀನಿ ನೋಡ್ರಿ" ಎಂದೆ. ಆಳು ಇಳಿದ ಏಣಿಯನ್ನು ಹತ್ತಿ ಒಂದೊಂದೇ ಸರ, ಒಂ‍ದೊಂದೇ ಗೊಂಡೆ ಬಿಚ್ಚಿ ಬುಟ್ಟಿಗೆ ಹಾಕಿದೆ. ಬಸಗೊಂಡನ ಬಂಡಿಯನ್ನೂ ಹಾಕಿದೆ. ಯಾರೂ ತಡೆಯಲಿಲ್ಲ, ಅದೂ ಎಂಥ ಸೋಜಿಗ ನೋಡಿ, ನನ್ನನ್ನು ತಡೆಯಬೇಕಾದರೆ ಮುಟ್ಟಬೇಕಲ್ಲ! "ನಡೀರಿ ಸಾಲಿಗೆ" ಎಂದೆ. ಮಾಯವ್ವ ತನ್ನ ಬುಟ್ಟಿ ಎತ್ತಿಕೊಂಡಳು. ಉಳಿದವು ಅಳುತ್ತ ಹಿಂದೆ ಬಂದವು. ಬಸಗೊಂಡ ವಾಡೆಯ ಅಗಸೆ ಬಾಗಿಲವರೆಗೆ ಓಡಿಬಂದ, ಒಳಗಿನಿಂದ ಆಯಿಯ ದನಿ ಕೇಳಿ ಅಲ್ಲೇ ನಿಂತ.

ಮಕ್ಕಳು ನನ್ನನ್ನು ಮೆಚ್ಚಿದರು ಎಂದುಕೊಳ್ಳಬೇಡಿ. ದಾರಿಯುದ್ದಕ್ಕೂ ಬಿಕ್ಕಿದರು. ಕಿರಾಣಿ ಅಂಗಡಿಯವರ ಹುಡುಗಿಯೊಬ್ಬಳು, "ಸುಮ್ನ ಹೂಂ ಅಂದಿದ್ರ ಏನಾಗ್ತಿತ್ರಿ ನಿಮಗ?" ಎಂದು ನನ್ನನ್ನೇ ಗದರಿಸಿದಳು. ಶಾಲೆಯಲ್ಲಿ ಹೆಡ್ ಮಾಸ್ತರರು ಬಾಗಿಲಲ್ಲೇ ನಿಂತು ಕೈ ಹಿಸುಕಿಕೊಂಡರು. "ನೀರಾಗ ಇದ್ದು ಮೊಸಳಿ ಕೂಡ ವೈರ ಕಟ್ಕೋತಾರೇನ್ರಿ ಅಕ್ಕೋರ? ನಿಮ್ಮ ಸಂಗಾಟ ನನ್ನನ್ನೂ ಮುಳುಗಸ್ತೀರಿ!" ಅವರ ಹಣೆಯ ಬೆವರು, ತುಟಿಯ ಮೇಲಿನ ನಶ್ಯ! ನಾನು ಮಕ್ಕಳಿಗೆ ದಾರ ಕೊಟ್ಟೆ. ನೀವೇ ಕಟ್ಟಿ ಎಂದೆ. ಅತ್ತುಕೊಂಡೇ ಕಟ್ಟಿದವು. ಕೈಗೆ ಎಟುಕುವಷ್ಟೇ ಎತ್ತರದಲ್ಲಿ, ಕಿಟಕಿಯ ಸರಳಿಗೆ, ಕದದ ಚಿಲಕಕ್ಕೆ, ಗೋಡೆಯ ಗೂಟಕ್ಕೆ. ದೊಡ್ಡವರು ಒಳಗೆ ಬಂದರೆ ನಡು ಬಗ್ಗಿಸಿ ನಡೆಯಬೇಕು, ಅಷ್ಟು ಕೆಳಗೆ. ಬಸಗೊಂಡನ ಬಂಡಿಯನ್ನು ಮಾಯವ್ವ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದಳು.

ಲಗ್ನದ ದಿನ ಶಾಲೆಗೆ ರಜೆ. ನನಗೆ ಹೋಗುವ ಜಾಗವಿರಲಿಲ್ಲ, ಶಾಲೆಯ ಬೀಗ ತೆಗೆದು ಒಳಗೆ ಕೂತಿದ್ದೆ. ಹೊರಗೆ ಕೆಂಡದಂಥ ಬಿಸಿಲು, ಓಲಗದ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು. ಅಕ್ಷತೆ ಬಿದ್ದು, ಊಟ ಆಗಿರಬೇಕು. ಹಿಂಡಾಗಿ ಕಾಲಸಪ್ಪಳ ಕೇಳಿತು. ನನ್ನ ಮಕ್ಕಳೇ! ಕೈಗೆ ಬುಂದೆಯ ಜಿಡ್ಡು, ಬಾಯಿಗೆ ಹುಗ್ಗಿಯ ಬೆಲ್ಲ, ಮುಖದ ಮೇಲೆ ನಗು. ಅವರಿಗೆ ಯಾವ ಹಗೆಯೂ ಇರಲಿಲ್ಲ, ಕರೆದಲ್ಲಿ ಉಂಡು ಬಂದಿದ್ದರು. ಅವರ ಹಿಂದೆ ಗೌಡರ ಹೇಳಿಕೆ ಹೊತ್ತು ತಿರುಗುವ ಊರ ವಾಲೀಕಾರ, ಅವನ ಜೊತೆ ಜರಿಟೊಪ್ಪಿಗೆ ರೇಷ್ಮೆ ಅಂಗಿ ತೊಟ್ಟ ಬಸಗೊಂಡ.

"ಅಕ್ಕೋರ, ನಮ್ಮವು ಫೋಟೋದಾಗ ಬರ್ತಾವಂತ್ರಿ!" ಎಂದು ಎಲ್ಲ ಒಟ್ಟಿಗೆ ಕಿರುಚಿದವು.

ವಾಲೀಕಾರ ವಿವರಿಸಿದ. ವಿಜಾಪುರದಿಂದ ಫೋಟೋದವನು ಮೂರು ಕಾಲಿನ ಡಬ್ಬಿ ತಂದಿದ್ದಾನೆ. ಹಂದರದ ಮಾವಿನೆಲೆಯೆಲ್ಲ ಬಿಸಿಲಿಗೆ ಸುಟ್ಟು ಮುದುಡಿವೆ. ಹಿಂದೆ ಏನಾದರೂ ಅಲಂಕಾರ ಬೇಕೆಂದು ಅಳಿಯ ಹಟ ಹಿಡಿದಿದ್ದಾನೆ. "ಅದಕ್ಕ ಗೌಡ್ರು ಕಳಿಸ್ಯಾರ್ರಿ. ಫೋಟೋ ಆಗೂತನಾ ಅಷ್ಟ, ಆಮ್ಯಾಗ ತಂದು ಕೊಡ್ತೀನಿ. ಆಯಿ ಉಂಡು ಮಲ್ಕೊಂಡಾಳ, ಗೊತ್ತಾಗೂದಿಲ್ಲ. ಫೋಟೋದಾಗೇನು ಯಾರ ಕೈ ಅಂತ ಬರದಿರೂದಿಲ್ಲಲ್ರಿ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಕೇಳಿದ್ದೆ. ಇವರು ದೇವರ ಕಣ್ಣನ್ನೇ ಮುಚ್ಚಿ ಕುಡಿಯುವವರು. ಮೊನ್ನೆ ಬಂದದ್ದು ಸಿಟ್ಟು ಬೆರೆತ ಹೇಸಿಗೆ. ಇಂದು ಬಂದದ್ದರಲ್ಲಿ ಸಿಟ್ಟೂ ಇರಲಿಲ್ಲ, ಊಟದಲ್ಲಿ ಹುಳ ಕಂಡಾಗ ತಟ್ಟೆ ಸರಿಸುವಂಥ ಹೇಸಿಗೆ. ಆದರೂ ಮಕ್ಕಳ ಮುಖ ನೋಡಿದೆ. ಒಂದು ಸಲ ನನ್ನ ಮಾನಕ್ಕಾಗಿ ಅವರ ಆಸೆ ಮುರಿದಿದ್ದೆ. ಎರಡನೆಯ ಸಲ ಮುರಿಯಲು ಮನಸ್ಸು ಬರಲಿಲ್ಲ. "ಇವು ನಿಮ್ಮವು. ಕೊಡೂದು ಬಿಡೂದು ನೀವ ಹೇಳ್ರಿ" ಎಂದೆ.

"ಕೊಡೂಣ್ರಿ!" ಎಂದು ಕುಣಿದವು.

ಸರಿ ಎಂದು ನಾನೇ ಎದ್ದು, ಕದದ ಚಿಲಕಕ್ಕೆ ಬಿಗಿದಿದ್ದ ಗಂಟು ಬಿಚ್ಚಲು ಕೈ ಚಾಚಿದೆ. ವಾಲೀಕಾರ ಹಾವು ಕಂಡವನಂತೆ ಹಾರಿ ಬಂದ. "ಅಕ್ಕೋರ, ಅಕ್ಕೋರ, ನೀವು ಮುಟ್ಟಬ್ಯಾಡ್ರಿ! ಹುಡುಗ್ರ ಕೈಲೆ ಬಿಚ್ಚಸ್ರಿ. ಮೊನ್ನಿ ನೀವು ಮುಟ್ಟಿದ್ದಕ್ಕ ಮಠದ ಐನಾರು ನೀರು ಚಿಮುಕಸ್ತಾರಂತ. ಹೊಸದಾಗಿ ಮುಟ್ಟೂದು ಬ್ಯಾಡ ಅಂದಾರ ಗೌಡ್ರು."

ಮಕ್ಕಳ ಕುಣಿತ ನಿಂತಿತು. ಮಾಯವ್ವ ಕೇಳಿದಳು, "ಯಾಕ್ರಿ?"

"ನಿನಗ ತಿಳಿಯೂದಿಲ್ಲ, ಬಿಚ್ಚು ಲಗೂನ."

ಮಾಯವ್ವ ಬಿಚ್ಚಲಿಲ್ಲ. ವಾಲೀಕಾರನ ಮುಖ ನೋಡಿದಳು, ನನ್ನ ಕೈ ನೋಡಿದಳು. ಅವಳು ತಲೆಯಲ್ಲಿ ಏನು ಲೆಕ್ಕ ಹಾಕಿದಳೋ ನಾನರಿಯೆ. ಸೀದಾ ಬಂದು ತನ್ನ ಜಿಡ್ಡುಗೈಯಿಂದ ನನ್ನ ಮುಂಗೈ ಹಿಡಿದು ಕಿಟಕಿಯವರೆಗೆ ಎಳೆದೊಯ್ದಳು, ತನ್ನ ಗಿಳಿಯ ಬೆನ್ನ ಮೇಲೆ ನನ್ನ ಅಂಗೈ ಇಟ್ಟಳು. "ನಂದು ಮುಟ್ರಿ ಅಕ್ಕೋರ" ಎಂದಳು. ಆಮೇಲೆ ಅಂಗಡಿಯವರ ಹುಡುಗಿ, ಮೊನ್ನೆ ನನ್ನನ್ನು ಗದರಿಸಿದವಳು, ಇನ್ನೊಂದು ಕೈ ಹಿಡಿದಳು. "ನಂದೂ ಮುಟ್ರಿ!" ಮತ್ತೆ ಕೇಳಬೇಕೇ? ಆಟ ಸಿಕ್ಕಿತಲ್ಲ. ಒಬ್ಬರು ಈ ಗೋಡೆಗೆ ಎಳೆದರೆ ಇನ್ನೊಬ್ಬರು ಆ ಗೂಟಕ್ಕೆ. ನಂದು ಮೊದಲು, ನಂದು ಮೊದಲು ಎಂದು ಜಗಳ. ವಾಲೀಕಾರ ಬಗ್ಗಿದ ನಡುವನ್ನು ಎತ್ತಲಾರದೆ ಸರಗಳ ಕೆಳಗೆ ಆ ಕಡೆ ಈ ಕಡೆ ಓಡಾಡುತ್ತ, "ಏ, ಅದೊಂದರ ಬಿಡ್ರಲೇ! ಆ ಗೊಂಡೇರ ಬಿಡ್ರಿ!" ಎಂದು ಬೇಡಿಕೊಳ್ಳುತ್ತಿದ್ದ. ನನಗೆ ನಗು ಬಂತು. ಗಂಡ ಸತ್ತ ಮೇಲೆ ಅಷ್ಟು ಜನ ಒಟ್ಟಿಗೆ ನನ್ನ ಕೈ ಹಿಡಿದದ್ದು ಅದೇ ಮೊದಲು.

ಎಲ್ಲ ಮುಗಿದು ಬಂಡಿಯೊಂದು ಉಳಿಯಿತು. ಬಸಗೊಂಡ ಬಾಗಿಲ ಬಳಿಯೇ ನಿಂತಿದ್ದ. "ಏ ಬಸ್ಯಾ, ನಿಂದೂ ಮುಟ್ಟಸೋ!" ಎಂದು ಮಕ್ಕಳು ಕೂಗಿದವು. ಅವನು ನಿಧಾನವಾಗಿ ಕಿಟಕಿಯ ಬಳಿ ಬಂದ. ನಾನು ತಡೆಯಲಾರದೆ ಕೈ ಮುಂದೆ ಮಾಡಿದೆ. ಅವನು ಆ ಕೈಯನ್ನು ಬಹಳ ಹೊತ್ತು ನೋಡಿದ, ಅದಕ್ಕೆ ಏನೋ ಮೆತ್ತಿದೆಯೋ ಎನ್ನುವಂತೆ. ಆಮೇಲೆ ತಲೆ ತಗ್ಗಿಸಿ, "ನಂದು ಬ್ಯಾಡ್ರಿ ಅಕ್ಕೋರ" ಎಂದ. ಒರಟಾಗಿ ಅಲ್ಲ. ಮರ್ಯಾದೆಯಿಂದ, ರೀ ಹಚ್ಚಿಯೇ ಹೇಳಿದ.

ಬಂಡಿಯನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಅವಚಿಕೊಂಡ. ನಾನು ನಿಂತಿದ್ದ ಜಾಗ ದಾಟಿಯೇ ಬಾಗಿಲಿಗೆ ಹೋಗಬೇಕು. ದಿನವೂ ನನ್ನ ಸೆರಗು ಹಿಡಿದುಕೊಂಡು ಬರುತ್ತಿದ್ದ ಹುಡುಗ, ನನ್ನ ಸೀರೆ ಎಲ್ಲಿಯೂ ತಾಗದಂತೆ ಗೋಡೆಗೆ ಮೈ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಹೊರಗೆ ಹೋದ.